ಮಗ ಬಾಡಿಗೆ ಸೂಟು ಹಾಕಿದರೆ ಮರ್ಯಾದೆ ಹೋಗುತ್ತಾ?

ಪ್ರಶ್ನೆ: ನಮ್ಮ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಬರುವ ಜುಲೈನಲ್ಲಿ ಅವನ ಆಫೀಸಿನ ಗೆಳೆಯನ ಮದುವೆ. ಹುಡುಗ ಅಲ್ಲಿಯವನೇ, ಮದುವೆ ಚರ್ಚಿನಲ್ಲಿ. ಬಂದವರನ್ನು ಕರೆದು ಕೂರಿಸುವ ನಾಲ್ವರು ಹುಡುಗರಲ್ಲಿ ನಮ್ಮವನೂ ಒಬ್ಬ. ನಾಲ್ವರೂ ಹಿಂದುಗಡೆ ಉದ್ದಕ್ಕೆ ಇಳಿಬಿದ್ದ ಕೋಟು, ಪಟ್ಟೆ ಪ್ಯಾಂಟು ಒಂದೇ ಥರ ಹಾಕಬೇಕಂತೆ. ಮಾಸ್ ಬ್ರಾಸ್ ಅನ್ನುವ ಕಂಪನಿಯಿಂದ ಬಾಡಿಗೆಗೆ ತರುತ್ತಾರಂತೆ. ನಮ್ಮ ಮನೆಯವರಿಗೆ ಇದು ಹಿಡಿಸಿಲ್ಲ. ಕೊಳ್ಳೋ ಶಕ್ತಿ ಇದ್ದೂ ಯಾರೋ ಹಾಕಿ ಬಿಟ್ಟ ಬಟ್ಟೆ ಯಾಕೆ ಅಂತಾರೆ. ದಿವಾಳಿಯಾದ ಗೆಳೆಯನಿಗೆ ಕೋಟು ಕಡ ಕೊಟ್ಟು ಆ ಅಂಗಡಿ ಶುರುವಾಯ್ತು ಅಂತ ಎಲ್ಲೋ ಓದಿ, ಅದು ಬಡವರ ಅಂಗಡಿ ಅಂತ ತೀರ್ಮಾನಿಸಿಬಿಟ್ಟಿದ್ದಾರೆ. ನನ್ನ ತಮ್ಮ, ಆ ಕಂಪನಿ ಕೊರೊನಾದಲ್ಲಿ ಮುಳುಗಿತು, ಅಡ್ವಾನ್ಸ್ ಕೊಡಬೇಡಿ ಅಂತಾನೆ. ನನ್ನ ಚಿಂತೆ ಬೇರೆ. ಬಟ್ಟೆ ಶುದ್ಧವಾಗಿರುತ್ತಾ? ಚರ್ಮಕ್ಕೆ ಏನಾದರೂ ಅಂಟುತ್ತಾ? ಅದೆಲ್ಲ ಬಿಟ್ಟು ನಮ್ಮ ಪಂಚೆ ಶಲ್ಯವೋ, ಬಂದ್‌ಗಲಾ ಕೋಟೋ ಹಾಕಿಕೊಂಡು ಹೋದರೆ ತಪ್ಪಾ?
ತುಮಕೂರಿನ ಓದುಗರೊಬ್ಬರು

ಉತ್ತರ: ನಾನು ಬೆಂಗಳೂರಿನಲ್ಲಿ ಟೈಲರಿಂಗ್ ಕಲಿತವನು. ಆಮೇಲೆ ಬಹಳ ವರ್ಷ ಲಂಡನ್ನಿನ ಬಾಡಿಗೆ ಸೂಟಿನ ಅಂಗಡಿಗಳಲ್ಲಿ ಅಳತೆ ತೆಗೆಯುವುದು, ಫಿಟ್ಟಿಂಗ್ ನೋಡುವುದು ನನ್ನ ಕೆಲಸವಾಗಿತ್ತು. ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆ ಇವೆ. ಮರ್ಯಾದೆ, ಶುಚಿ, ದುಡ್ಡು, ನಮ್ಮ ಉಡುಪು. ಆದರೆ ಈ ಕೆಲಸದಲ್ಲಿ ಇದ್ದವರು ಮೊದಲು ಕೇಳುವ ಪ್ರಶ್ನೆ ಈ ನಾಲ್ಕರಲ್ಲೂ ಇಲ್ಲ. ಕೋಟು ಅವನ ಭುಜಕ್ಕೆ ಸರಿಯಾಗಿ ಕೂರುತ್ತಾ ಅನ್ನುವುದೇ ಅದು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮನೆಯವರು ಓದಿದ ಕತೆ ನಿಜವೇ. ಅದರಿಂದ ಅವರು ತೆಗೆದ ಅರ್ಥ ಮಾತ್ರ ಸರಿಯಲ್ಲ.

1851ರಲ್ಲಿ ಮೋಸೆಸ್ ಮೋಸೆಸ್ ಎಂಬ ಯಹೂದಿ ವ್ಯಾಪಾರಿ ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ ಅಂಗಡಿ ಶುರು ಮಾಡಿದರು. ಆಗ ಆ ಜಾಗ ಹಣ್ಣು, ತರಕಾರಿ, ಹೂವಿನ ದೊಡ್ಡ ಮಾರುಕಟ್ಟೆ. ಸುತ್ತಮುತ್ತ ನಾಟಕ ಮಂದಿರಗಳು. ಮೋಸೆಸ್ ಮಾರುತ್ತಿದ್ದದ್ದು ಹಳೇ ಬಟ್ಟೆ. ಹಳೇ ಬಟ್ಟೆ ಅಂದ ತಕ್ಷಣ ಚಿಂದಿ ಅಂದುಕೊಳ್ಳಬೇಡಿ. ಆ ಕಾಲದಲ್ಲಿ ಒಳ್ಳೆಯ ಉಣ್ಣೆಯ ಕೋಟು ಅಂದರೆ ಆಸ್ತಿ. ಅದನ್ನು ಅಡವಿಡುತ್ತಿದ್ದರು, ಮಗನಿಗೆ ಬಿಟ್ಟು ಹೋಗುತ್ತಿದ್ದರು, ಮೂರು ನಾಲ್ಕು ಕೈ ದಾಟಿದ ಮೇಲೂ ಅದಕ್ಕೆ ಬೆಲೆ ಇರುತ್ತಿತ್ತು. ಇಂಥ ವ್ಯಾಪಾರ ಮಾಡುವವನಿಗೆ ಬಟ್ಟೆ ನೋಡಿದ ಕೂಡಲೇ ಯಾವ ಕೈ ಕತ್ತರಿಸಿದ್ದು, ಇನ್ನೆಷ್ಟು ವರ್ಷ ಬಾಳುತ್ತದೆ, ಯಾವ ಮೈಗೆ ಹೊಂದುತ್ತದೆ ಅಂತ ಗೊತ್ತಾಗಬೇಕು. ಬಾಡಿಗೆ ವ್ಯಾಪಾರಕ್ಕೆ ಬೇಕಾದ ಕಣ್ಣೂ ಅದೇ. ಮುಂದೆ ಆಗಿದ್ದಕ್ಕೆಲ್ಲ ಬೇರು ಇಲ್ಲಿದೆ ಅನ್ನುವುದು ನನ್ನ ನಂಬಿಕೆ.

ಮೋಸೆಸ್ 1894ರಲ್ಲಿ ತೀರಿಕೊಂಡರು. ಮಕ್ಕಳು ವ್ಯಾಪಾರ ಮುಂದುವರಿಸಿದರು. ಮಗ ಆಲ್ಫ್ರೆಡ್‌ಗೆ ಚಾರ್ಲ್ಸ್ ಪಾಂಡ್ ಎಂಬ ಗೆಳೆಯನಿದ್ದ. ಷೇರು ಪೇಟೆಯಲ್ಲಿ ದಲ್ಲಾಳಿಯಾಗಿದ್ದವನು ಕೈಸುಟ್ಟುಕೊಂಡು, ದೊಡ್ಡವರ ಮನೆಯ ಸಂಜೆ ಪಾರ್ಟಿಗಳಲ್ಲಿ ಮನರಂಜನೆ ಕಾರ್ಯಕ್ರಮ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ಅಂಥ ಮನೆಗೆ ಸಂಜೆಯ ಸೂಟಿಲ್ಲದೆ ಕಾಲಿಡುವಂತಿಲ್ಲ. ಸೂಟು ಕೊಳ್ಳಲು ದುಡ್ಡಿಲ್ಲ, ಸೂಟಿಲ್ಲದೆ ಸಂಪಾದನೆ ಇಲ್ಲ. ಆಲ್ಫ್ರೆಡ್ ಅಂಗಡಿಯಿಂದ ಒಂದು ಸೂಟು ಕೊಟ್ಟು ಕಳಿಸಿದರು. ಪಾಂಡ್ ವಾಪಸ್ ತಂದುಕೊಟ್ಟ, ಮತ್ತೆ ಬಂದು ಕೇಳಿದ. ಹೀಗೇ ನಡೆದು, ಕೊನೆಗೆ ಒಂದು ಸಲಕ್ಕೆ 7 ಶಿಲಿಂಗ್ 6 ಪೆನ್ಸ್ ಅಂತ ಬಾಡಿಗೆ ಗೊತ್ತಾಯಿತು. ಆಗ 20 ಶಿಲಿಂಗ್‌ಗೆ ಒಂದು ಪೌಂಡ್. ಅಂದರೆ ಪೌಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಇದು 1897ರ ಮಾತು. ಮರುವರ್ಷ ಅಂಗಡಿಗೆ ಮಾಸ್ ಬ್ರಾಸ್ ಅನ್ನುವ ಹೆಸರು ಬಂತು.

ಈಗ ಈ ಕತೆಯನ್ನು ಇನ್ನೊಂದು ಸಲ ಓದಿ. ಪಾಂಡ್‌ಗೆ ಮೈ ಮುಚ್ಚಲು ಬಟ್ಟೆ ಇರಲಿಲ್ಲ ಅಂತಲ್ಲ. ಒಂದು ಬಾಗಿಲು ದಾಟಲು ಒಂದು ಗೊತ್ತಾದ ಉಡುಪು ಬೇಕಿತ್ತು, ಒಂದು ಸಂಜೆಯ ಮಟ್ಟಿಗೆ. ಈ ಅಗತ್ಯ ಬಡವರಿಗೆ ಮಾತ್ರ ಇರುತ್ತಾ? ಶ್ರೀಮಂತರಿಗೂ ಇರುತ್ತದೆ. ಹಾಗಾಗಿಯೇ ಇಂಗ್ಲೆಂಡಿನ ಅತಿ ದೊಡ್ಡ ಮನೆತನದವರೂ ಅದೇ ಅಂಗಡಿಗೆ ಬಂದರು.

ಪಟ್ಟಾಭಿಷೇಕವನ್ನೇ ತೆಗೆದುಕೊಳ್ಳಿ. ಅಲ್ಲಿನ ಲಾರ್ಡ್‌ಗಳು ರಾಜನ ಪಟ್ಟಾಭಿಷೇಕಕ್ಕೆ ಹೋಗುವಾಗ ಕೆಂಪು ಮಖಮಲ್ಲಿನ ನಿಲುವಂಗಿ ಹಾಕಬೇಕಿತ್ತು. ಅದರ ಹೆಗಲ ಮೇಲೆ ಬಿಳಿ ತುಪ್ಪಳ, ತುಪ್ಪಳದ ಮೇಲೆ ಕಪ್ಪು ಬೊಟ್ಟಿನ ಸಾಲುಗಳು. ಸಾಲು ಎಷ್ಟು ಅನ್ನುವುದರಲ್ಲೇ ಪದವಿ ಗೊತ್ತಾಗುತ್ತದೆ. ಡ್ಯೂಕ್‌ಗೆ 4 ಸಾಲು, ಮಾರ್ಕ್ವೆಸ್‌ಗೆ ಮೂರೂವರೆ, ಅರ್ಲ್‌ಗೆ 3, ವೈಕೌಂಟ್‌ಗೆ ಎರಡೂವರೆ, ಬ್ಯಾರನ್‌ಗೆ 2. ಹೊಲಿಸಲು ಬಹಳ ದುಬಾರಿ. ಹಾಕುವುದು ಎಷ್ಟು ಸಲ? ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕ 1937ರಲ್ಲಿ, ಮಗಳು ಎಲಿಜಬೆತ್‌ದು 1953ರಲ್ಲಿ, ಅದರ ಮುಂದಿನದು 2023ರಲ್ಲಿ. ಒಂದು ಆಯಸ್ಸಿನಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಹಾಗಾಗಿ ಕುಲದ ನಿಲುವಂಗಿ ಮನೆಯಲ್ಲಿ ಉಳಿಯದವರು, ಉಳಿದದ್ದೂ ನುಸಿ ಪಾಲಾದವರು ಮಾಸ್ ಬ್ರಾಸ್‌ನಿಂದ ಬಾಡಿಗೆಗೆ ತಂದರು. ಹಾಕಿಕೊಂಡು ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿಗೆ ಹೋಗಿ ರಾಣಿಯ ಮುಂದೆ ಕೂತರು. ಯಾರ ಮರ್ಯಾದೆಯೂ ಹೋಗಲಿಲ್ಲ.

ಇನ್ನೊಂದು ಪ್ರಸಂಗ ನನಗೆ ತುಂಬಾ ಇಷ್ಟ. 1924ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸಲ ಲೇಬರ್ ಪಕ್ಷದ ಸರ್ಕಾರ ಬಂತು. ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಧಾನಿ. ಮಂತ್ರಿಗಳಲ್ಲಿ ಕೂಲಿಯಿಂದ, ಕಾರ್ಖಾನೆಯಿಂದ ಮೇಲೆ ಬಂದವರಿದ್ದರು. ಅರಮನೆಗೆ ಹೋಗಲು ಜರಿ ಕೋಟು, ಟೋಪಿ, ಕತ್ತಿಯ ದರ್ಬಾರು ಉಡುಪು ಬೇಕು. ಹೊಲಿಸುವಷ್ಟು ದುಡ್ಡು ಇವರಲ್ಲಿ ಎಲ್ಲಿಂದ ಬರಬೇಕು? ಐದನೇ ಜಾರ್ಜ್ ದೊರೆಯ ಕಾರ್ಯದರ್ಶಿ ಲಾರ್ಡ್ ಸ್ಟ್ಯಾಮ್‌ಫರ್ಡಮ್ ತಾವೇ ವಿಚಾರಿಸಿ ಪಕ್ಷದವರಿಗೆ ಕಾಗದ ಬರೆದರು. ಮಾಸ್ ಬ್ರಾಸ್‌ನಲ್ಲಿ ಇಂಥ ಕೆಲವು ಉಡುಪು ಸಿದ್ಧವಾಗಿ ಇವೆ, ಪೂರ್ತಿ ಸೆಟ್ 30 ಪೌಂಡ್‌ನಿಂದ ಸಿಗುತ್ತದೆ, ನಂಬಿಕೆಯ ಅಂಗಡಿ ಅಂತ. ಇದನ್ನು ಕೆಲವರು ‘ಮಂತ್ರಿಗಳು ಬಾಡಿಗೆ ತಂದರು’ ಅಂತ ಹೇಳುತ್ತಾರೆ. ಆ ಕಾಗದದಲ್ಲಿ ಇರುವುದು ಸಿದ್ಧ ಉಡುಪಿನ ಬೆಲೆಯ ಮಾತು. ಆದರೆ ದೊರೆಯ ಕಡೆಯವರೇ ಯಾವ ಅಂಗಡಿಯ ಹೆಸರು ಹೇಳಿದರು ನೋಡಿ. ಹಳೇ ಬಟ್ಟೆಯಿಂದ ಶುರುವಾದ ಅಂಗಡಿಯದು.

ಹಾಗಾಗಿ ಮನೆಯವರಿಗೆ ಧೈರ್ಯವಾಗಿ ಹೇಳಿ. ಇಂಗ್ಲೆಂಡಿನಲ್ಲಿ ಮದುವೆಯ ಬಾಲದ ಕೋಟನ್ನು, ಅಂದರೆ ನೀವು ಹೇಳಿದ ಹಿಂದುಗಡೆ ಉದ್ದಕ್ಕೆ ಇಳಿಬಿದ್ದ ಕೋಟನ್ನು, ಬಾಡಿಗೆಗೆ ತರುವುದು ತೀರಾ ಸಾಮಾನ್ಯ. ಮದುಮಗನೇ ಬಾಡಿಗೆ ಕೋಟಿನಲ್ಲಿ ನಿಂತಿರುತ್ತಾನೆ, ಪಕ್ಕದಲ್ಲಿ ಅವನ ಅಪ್ಪ, ಮಾವ ಕೂಡ. ಬಾಡಿಗೆದೋ ಸ್ವಂತದ್ದೋ ಅಂತ ಯಾರೂ ಕೇಳುವುದಿಲ್ಲ. ನಮ್ಮಲ್ಲೂ ಬೆಂಗಳೂರು, ಮೈಸೂರಿನ ಆರತಕ್ಷತೆಗಳಲ್ಲಿ ಮದುಮಗ ಬಾಡಿಗೆ ಶೇರ್ವಾನಿ ಹಾಕುವುದು ಈಗ ಹೊಸದೇನಲ್ಲ ಅಲ್ವಾ?

ಬಾಡಿಗೆ ಯಾಕೆ ಇಷ್ಟು ಬೆಳೆಯಿತು, ಆಮೇಲೆ ಯಾಕೆ ಕಷ್ಟಕ್ಕೆ ಬಿತ್ತು ಅನ್ನುವುದನ್ನೂ ಹೇಳಬೇಕು. ನಿಮ್ಮ ತಮ್ಮನ ಭಯಕ್ಕೆ ಉತ್ತರ ಅಲ್ಲಿದೆ.

ಬಾಡಿಗೆ ವ್ಯಾಪಾರ ಲಾಭ ತರಬೇಕಾದರೆ ಒಂದು ಕೋಟು ಹಲವು ಸಲ ಹೊರಗೆ ಹೋಗಬೇಕು. ಅದಕ್ಕೆ ಎರಡು ಷರತ್ತು. ಬಟ್ಟೆ ಗಟ್ಟಿಯಾಗಿರಬೇಕು, ಫ್ಯಾಷನ್ ಬದಲಾಗಬಾರದು. ಬಾಲದ ಕೋಟು ಈ ಎರಡಕ್ಕೂ ಹೇಳಿ ಮಾಡಿಸಿದ್ದು. ನೂರು ವರ್ಷದ ಹಿಂದಿನ ಮದುವೆ ಫೋಟೋ ಪಕ್ಕ ಇವತ್ತಿನದು ಇಟ್ಟರೆ ಕೋಟಿನ ಆಕಾರದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇವತ್ತು ಕೊಂಡ ಸರಕು ಐದಾರು ವರ್ಷ ದುಡಿಯುತ್ತದೆ.

ತೊಂದರೆ ಇನ್ನೊಂದು ಕಡೆ ಇದೆ. ಎಲ್ಲರ ಮದುವೆಯೂ ಒಂದೇ ಹೊತ್ತಿಗೆ. ಇಂಗ್ಲೆಂಡಿನಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಶನಿವಾರ. ಜುಲೈ ತಿಂಗಳ ಒಂದು ಶನಿವಾರ ಇಡೀ ದೇಶಕ್ಕೆ 40 ಇಂಚು ಎದೆಯ ಕೋಟು ಬೇಕು, ಮುಂದಿನ ಫೆಬ್ರವರಿಯಲ್ಲಿ ಅದನ್ನು ಕೇಳುವವರೇ ಇಲ್ಲ. ಒಂದೇ ಅಂಗಡಿ ಇಟ್ಟುಕೊಂಡವನು ಈ ಏರಿಳಿತ ತಾಳಲಾರ. ಅವನ ಹತ್ತಿರ 40 ಇಂಚಿನ ಉದ್ದ ಅಳತೆಯ ಕೋಟು ನಾಲ್ಕು ಇದ್ದರೆ, ಐದನೆಯವನಿಗೆ ಇಲ್ಲ ಅನ್ನಬೇಕು. ಹತ್ತಾರು ಊರಲ್ಲಿ ಅಂಗಡಿ ಇದ್ದು, ಎಲ್ಲದಕ್ಕೂ ಒಂದೇ ದೊಡ್ಡ ಗೋದಾಮು ಇದ್ದರೆ, ಲೀಡ್ಸ್‌ನಿಂದ ಬಂದದ್ದನ್ನು ತೊಳೆದು ಮುಂದಿನ ವಾರ ಬ್ರಿಸ್ಟಲ್‌ಗೆ ಕಳಿಸಬಹುದು. ಸೂಟಿನ ಬಾಡಿಗೆ ವ್ಯಾಪಾರ ದೊಡ್ಡ ಸರಪಳಿ ಕಂಪನಿಗಳ ಕೈಗೆ ಹೋಗಿದ್ದು ಈ ಕಾರಣಕ್ಕೆ. ಅಮೆರಿಕದಲ್ಲೂ ಅದೇ ಆಯಿತು. ಷಿಕಾಗೊದಲ್ಲಿ 1936ರಲ್ಲಿ ಶುರುವಾದ ಗಿಂಗಿಸ್ ದೇಶದ ತುಂಬಾ ಹರಡಿತು. 2003ರಲ್ಲಿ ದಿವಾಳಿಯಾದಾಗ ಆಫ್ಟರ್ ಅವರ್ಸ್ ಎಂಬ ಇನ್ನೊಂದು ಸರಪಳಿ ಅದನ್ನು ತೆಗೆದುಕೊಂಡಿತು. 2007ರಲ್ಲಿ ಆ ಆಫ್ಟರ್ ಅವರ್ಸ್ ಅನ್ನು ಮೆನ್ಸ್ ವೇರ್‌ಹೌಸ್ ಕೊಂಡಿತು.

ಹಾಗಾದರೆ ಕಷ್ಟ ಯಾಕೆ ಬಂತು? ಮದುವೆಗೆ ಬಾಲದ ಕೋಟೇ ಬೇಕು ಅನ್ನುವವರು ಕಡಿಮೆಯಾದರು. ಸಾದಾ ಸೂಟಿನಲ್ಲೇ ಮದುವೆಯಾಗುವವರು ಜಾಸ್ತಿಯಾದರು. ಸಿದ್ಧ ಸೂಟು ಎಷ್ಟು ಅಗ್ಗವಾಯಿತು ಅಂದರೆ, ಬಾಡಿಗೆಗೆ ಇನ್ನಷ್ಟು ಸೇರಿಸಿದರೆ ಸ್ವಂತದ್ದೇ ಬರುತ್ತದೆ ಅನ್ನುವ ಹಾಗಾಯಿತು. ಮೈಗಂಟಿದ ಸೂಟಿನ ಫ್ಯಾಷನ್ ಬಂದಾಗ ಗೋದಾಮಿನ ಸಡಿಲ ಸೂಟುಗಳು ಹಳತಾಗಿ ಕಂಡವು. ಇದೆಲ್ಲ ನಡೆಯುತ್ತಿರುವಾಗಲೇ ಕೊರೊನಾ ಬಂತು. ಮಾರ್ಚ್ 2020ರಲ್ಲಿ ಇಂಗ್ಲೆಂಡಿನಲ್ಲಿ ಮದುವೆಗಳೇ ನಿಂತವು. ಬೇಸಿಗೆಯಲ್ಲಿ 30 ಜನರಿಗೆ ಅವಕಾಶ ಸಿಕ್ಕಿತು, ಸೆಪ್ಟೆಂಬರ್ ಕೊನೆಗೆ ಅದನ್ನೂ 15ಕ್ಕೆ ಇಳಿಸಿದರು. ರಾಯಲ್ ಆ್ಯಸ್ಕಟ್ ಕುದುರೆ ರೇಸು ಪ್ರೇಕ್ಷಕರಿಲ್ಲದೆ ನಡೆಯಿತು. ಬಾಡಿಗೆ ಕೋಟು ಹೋಗುವ ಜಾಗಗಳೆಲ್ಲ ಒಟ್ಟಿಗೇ ಮುಚ್ಚಿಹೋದವು.

ಮಾಸ್ ಬ್ರಾಸ್‌ಗೆ ಆ ವರ್ಷ ಇನ್ನೊಂದು ಇಕ್ಕಟ್ಟು. ಕ್ರೂ ಕ್ಲೋಥಿಂಗ್ ಎಂಬ ಬಟ್ಟೆ ಕಂಪನಿಯ ಮಾಲೀಕರು ಬ್ರಿಗೇಡಿಯರ್ ಎಂಬ ಸಂಸ್ಥೆಯ ಮೂಲಕ 2.26 ಕೋಟಿ ಪೌಂಡ್‌ಗೆ ಇಡೀ ಕಂಪನಿಯನ್ನು ಕೊಳ್ಳುವ ಮಾತಾಗಿತ್ತು. ಅದು ಮಾರ್ಚ್ 2020ರಲ್ಲೇ, ಲಾಕ್‌ಡೌನ್‌ಗೆ ಕೆಲವೇ ದಿನ ಮೊದಲು. ಅಂಗಡಿಗಳು ಮುಚ್ಚಿದಾಗ ಕೊಳ್ಳುವವರು ಹಿಂದೆ ಸರಿಯಲು ನೋಡಿದರು. ಕಂಪನಿಗಳ ಕೊಡುಕೊಳ್ಳುವಿಕೆ ನೋಡಿಕೊಳ್ಳುವ ಟೇಕೋವರ್ ಪ್ಯಾನಲ್ ಅದಕ್ಕೆ ಒಪ್ಪಲಿಲ್ಲ. ಕೊಟ್ಟ ಮಾತು ನಡೆಸಬೇಕಾಯಿತು, ಜೂನ್‌ನಲ್ಲಿ ಕಂಪನಿ ಅವರ ಕೈಗೆ ಬಂತು. ವರ್ಷದ ಕೊನೆಗೆ ಸಾಲ ಕೊಟ್ಟವರು ಮತ್ತು ಅಂಗಡಿ ಜಾಗದ ಮಾಲೀಕರ ಜೊತೆ ಕಾನೂನು ಪ್ರಕಾರ ರಾಜಿ ಮಾಡಿಕೊಂಡು ಅಂಗಡಿ ಬಾಡಿಗೆಯ ಹೊರೆ ಇಳಿಸಿಕೊಂಡರು. ಆಮೇಲೆ ತಿಂಗಳ ಚಂದಾ ಕೊಟ್ಟು ಬಟ್ಟೆ ಬದಲಾಯಿಸುವ ಯೋಜನೆಯನ್ನೂ ಪ್ರಯತ್ನಿಸಿದರು. ಈಗ ಮಾಸ್ ಅನ್ನುವ ಚಿಕ್ಕ ಹೆಸರಿನಲ್ಲಿ ಅಂಗಡಿಗಳು ನಡೆಯುತ್ತಿವೆ, ಮಾರಾಟವೂ ಇದೆ, ಬಾಡಿಗೆಯೂ ಇದೆ. ಅಂದರೆ ನಿಮ್ಮ ತಮ್ಮ ಕೇಳಿದ್ದು ಪೂರ್ತಿ ಸುಳ್ಳಲ್ಲ. ಕಂಪನಿ ಮುಳುಗುವ ಹತ್ತಿರ ಹೋಗಿತ್ತು, ಮುಳುಗಲಿಲ್ಲ. ಅಮೆರಿಕದ ಮೆನ್ಸ್ ವೇರ್‌ಹೌಸ್‌ನ ತಾಯಿ ಕಂಪನಿ ಟೇಲರ್ಡ್ ಬ್ರ್ಯಾಂಡ್ಸ್ ಕೂಡ ಆಗಸ್ಟ್ 2020ರಲ್ಲಿ ದಿವಾಳಿ ಕಾನೂನಿನ ಪ್ರಕಾರ ಕೋರ್ಟಿನ ರಕ್ಷಣೆ ಕೇಳಿ, ಅದೇ ಡಿಸೆಂಬರ್‌ನಲ್ಲಿ ಅದರಿಂದ ಹೊರಬಂತು.

ಆದರೂ ತಮ್ಮನ ಎಚ್ಚರಿಕೆಯ ಹಿಂದಿರುವ ಕಾಳಜಿ ಸರಿಯಾದದ್ದು. ಮದುವೆ ಸಾಮಾನಿನ ಯಾವ ಅಂಗಡಿಗೇ ಆಗಲಿ, ತಿಂಗಳುಗಟ್ಟಲೆ ಮೊದಲೇ ದುಡ್ಡು ಕೊಡುವಾಗ ಅಪಾಯ ಇದ್ದೇ ಇರುತ್ತದೆ. ಅದಕ್ಕೆ ಇಂಗ್ಲೆಂಡಿನಲ್ಲಿ ಒಳ್ಳೆಯ ರಕ್ಷಣೆ ಇದೆ. ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್ ದಾಟದ ಬೆಲೆಯ ವಸ್ತು ಅಥವಾ ಸೇವೆಗೆ ಕ್ರೆಡಿಟ್ ಕಾರ್ಡಿನಲ್ಲಿ ದುಡ್ಡು ಕೊಟ್ಟರೆ, ಅಂಗಡಿ ಕೈಕೊಟ್ಟಾಗ ಕಾರ್ಡ್ ಕಂಪನಿಯೂ ಹೊಣೆಯಾಗುತ್ತದೆ. ಅದಕ್ಕಿಂತ ಕಡಿಮೆ ಬೆಲೆಯಾದರೆ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ದುಡ್ಡನ್ನು ಬ್ಯಾಂಕಿನ ಮೂಲಕ ವಾಪಸ್ ತರಿಸಿಕೊಳ್ಳುವುದು, ಕೇಳಬಹುದು, ಡೆಬಿಟ್ ಕಾರ್ಡಿಗೂ ಅದು ಅನ್ವಯಿಸುತ್ತದೆ. ಆದರೆ ಅದು ಕಾನೂನು ಕೊಟ್ಟ ಹಕ್ಕಲ್ಲ, ಕಾರ್ಡ್ ವ್ಯವಸ್ಥೆಯವರ ನಿಯಮ ಅಷ್ಟೇ. ನಾಲ್ವರ ದುಡ್ಡನ್ನೂ ಮದುಮಗನೇ ಒಟ್ಟಿಗೆ ಕಟ್ಟಿ, ನಿಮ್ಮ ಮಗ ತನ್ನ ಪಾಲನ್ನು ಅವನ ಖಾತೆಗೆ ಹಾಕಿದರೆ ಈ ಹಕ್ಕು ಮಗನಿಗೆ ಸಿಗುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ, ಗೆಳೆಯರ ನಡುವೆ ಹಾಗೇ ನಡೆಯುತ್ತದೆ. ಗೊತ್ತಿರಲಿ ಅಂತ ಹೇಳಿದೆ.

ಶುಚಿಯ ಪ್ರಶ್ನೆಗೆ ಬರೋಣ. ನೀವು ಕೇಳಿದ್ದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಮೈಲಿಗೆ ಅನ್ನುವುದು ಒಂದು, ಕೊಳೆ ಅನ್ನುವುದು ಇನ್ನೊಂದು. ಮಡಿ ಮೈಲಿಗೆ ನಿಮ್ಮ ಮನೆಯ ನಂಬಿಕೆ. ಅದಕ್ಕೆ ನಾನು ತೀರ್ಪು ಕೊಡಲಾರೆ, ಕೊಡಬಾರದು ಕೂಡ. ಕೊಳೆಯ ಬಗ್ಗೆ ಹೇಳಬಲ್ಲೆ. ಒಳ್ಳೆಯ ಬಾಡಿಗೆ ಸಂಸ್ಥೆಯಲ್ಲಿ ವಾಪಸ್ ಬಂದ ಪ್ರತಿ ಕೋಟು, ಪ್ಯಾಂಟು, ವೇಸ್ಟ್‌ಕೋಟು ಡ್ರೈಕ್ಲೀನಿಂಗ್‌ಗೆ ಹೋಗುತ್ತದೆ. ಅಲ್ಲಿ ರಾಸಾಯನಿಕ ದ್ರಾವಣದಲ್ಲಿ ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ, ಹಬೆಯಲ್ಲಿ ಇಸ್ತ್ರಿ ಮಾಡುತ್ತಾರೆ. ಚರ್ಮದ ಕಾಯಿಲೆ ಅಂಟುವ ಭಯಕ್ಕೆ ಕಾರಣವಿಲ್ಲ. ಮೈಗೆ ಹೆಚ್ಚಾಗಿ ನೇರವಾಗಿ ತಾಗುವುದು ಶರಟು. ಅದನ್ನು ಸ್ವಂತದ್ದೇ ಕೊಂಡುಬಿಡಲಿ, ನಾನು ಎಲ್ಲರಿಗೂ ಹೇಳುವುದು ಅದನ್ನೇ. ಬಿಳಿ ಶರಟು ಆಮೇಲೆ ಆಫೀಸಿಗೂ ಆಗುತ್ತದೆ. ಬೂಟೂ ಅಷ್ಟೇ. ಬಾಡಿಗೆ ಬೂಟು ಇನ್ನೊಬ್ಬರ ಪಾದಕ್ಕೆ ಪಳಗಿರುತ್ತದೆ, ಇಡೀ ದಿನ ನಿಲ್ಲುವವನಿಗೆ ಅದು ಹಿಂಸೆ. ಕಪ್ಪು ಲೇಸ್ ಬೂಟು ಒಂದು ಜೊತೆ ಅವನ ಹತ್ತಿರ ಈಗಾಗಲೇ ಇರಬಹುದು, ಪಾಲಿಶ್ ಮಾಡಿಸಿದರೆ ಸಾಕು.

ಬಟ್ಟೆ ಕೈಗೆ ಬಂದಾಗ ಮಗ ನೋಡಬೇಕಾದ ಜಾಗಗಳಿವೆ. ಕಾಲರಿನ ಒಳಬದಿ, ಕಂಕುಳಿನ ಲೈನಿಂಗ್, ಪ್ಯಾಂಟಿನ ಸೊಂಟದ ಪಟ್ಟಿ. ವಾಸನೆ ಇದ್ದರೆ, ಬಿಳಿ ಕಲೆ ಇದ್ದರೆ, ಲೈನಿಂಗ್ ಹರಿದಿದ್ದರೆ ಅಲ್ಲೇ ಹೇಳಿ ಬದಲಾಯಿಸಿಕೊಳ್ಳಲಿ. ಸಂಕೋಚ ಬೇಡ. ಉಣ್ಣೆ ಬಟ್ಟೆ ಮೊಣಕೈ ಹತ್ತಿರ ಹೊಳೆಯುತ್ತಿದ್ದರೆ ಅದು ಬಹಳ ಬಳಕೆ, ಇಸ್ತ್ರಿ ಕಂಡಿದೆ ಅಂತ ಅರ್ಥ. ಅದು ಕೊಳೆ ಅಲ್ಲ, ಆದರೂ ಬೇರೆಯದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ನಾನು ಮೊದಲೇ ಹೇಳಿದ ಭುಜದ ವಿಷಯ. ಬಾಡಿಗೆ ಕೋಟು ನೋಡಿದವರು ‘ಇದು ಬಾಡಿಗೆದು’ ಅಂತ ಗುರುತಿಸುವುದು ಬಟ್ಟೆ ನೋಡಿ ಅಲ್ಲ, ಅಳತೆ ನೋಡಿ. ಭುಜ ಇಳಿಬಿದ್ದಿದೆ, ಕೋಟಿನ ಕಾಲರ್ ಕತ್ತಿನಿಂದ ಬಿಟ್ಟು ನಿಂತಿದೆ, ತೋಳು ಹೆಬ್ಬೆರಳವರೆಗೆ ಬಂದಿದೆ. ವೇಸ್ಟ್‌ಕೋಟಿಗೂ ಪ್ಯಾಂಟಿಗೂ ಮಧ್ಯೆ ಶರಟು ಇಣುಕುವುದಂತೂ ತೀರಾ ಸಾಮಾನ್ಯ ದೋಷ. ಅಂಗಡಿಯಲ್ಲಿ ಏನು ಬದಲಾಯಿಸಬಹುದು, ಏನು ಆಗುವುದಿಲ್ಲ ಅಂತ ತಿಳಿದರೆ ಟ್ರಯಲ್‌ನಲ್ಲಿ ಏನು ನೋಡಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಪ್ಯಾಂಟಿನ ಉದ್ದವನ್ನು ಕಚ್ಚಾ ಹೊಲಿಗೆ ಹಾಕಿ ಏರಿಸಬಹುದು, ಇಳಿಸಬಹುದು. ವಾಪಸ್ ಬಂದ ಮೇಲೆ ಆ ಹೊಲಿಗೆ ಬಿಚ್ಚುತ್ತಾರೆ. ಸೊಂಟಕ್ಕೆ ಪಕ್ಕದಲ್ಲಿ ಪಟ್ಟಿ ಇರುತ್ತದೆ, ಒಂದೆರಡು ಇಂಚು ಬಿಗಿ ಮಾಡಬಹುದು. ತೋಳನ್ನು ಸ್ವಲ್ಪ ಮಡಿಚಿ ಹೊಲಿಯಬಹುದು. ಆದರೆ ಭುಜ ಮುಟ್ಟುವ ಹಾಗಿಲ್ಲ. ಬಾಡಿಗೆ ಕೋಟಿನ ಭುಜ ಕತ್ತರಿಸಲು ಯಾವ ಅಂಗಡಿಯೂ ಒಪ್ಪುವುದಿಲ್ಲ. ಅದಕ್ಕೇ ಮೊದಲು ಭುಜ ಸರಿಯಿರುವ ಸೈಜು ಆರಿಸಬೇಕು, ಉಳಿದದ್ದನ್ನು ಆಮೇಲೆ ಹೊಂದಿಸಬಹುದು.

ನಮ್ಮ ಹುಡುಗರಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ, ನನ್ನ ಅನುಭವದಲ್ಲಿ ಕಂಡದ್ದು. ಅಲ್ಲಿನ ಸಿದ್ಧ ಅಳತೆಗಳು ಅಲ್ಲಿನವರ ಮೈಕಟ್ಟಿಗೆ ಮಾಡಿದ್ದು. ನಮ್ಮಲ್ಲಿ ಎದೆ 38 ಇಂಚು ಇದ್ದು ಎತ್ತರ ಐದಡಿ ಐದಂಗುಲ ಇರುವ ಹುಡುಗರು ಬಹಳ. ಅಂಥವರು 38 ಅಂತ ಕೇಳಿದರೆ ಸಾಮಾನ್ಯ ಉದ್ದದ ಕೋಟು ಬರುತ್ತದೆ, ಹಿಂದಿನ ಬಾಲ ಮೊಣಕಾಲು ದಾಟಿ ತೂಗುತ್ತದೆ. ಬಾಲ ಮೊಣಕಾಲಿನ ಹಿಂಬದಿಯ ಹತ್ತಿರ ನಿಲ್ಲಬೇಕು. ಹಾಗಾಗಿ ಅವನು ಎದೆಯ ಅಳತೆಯ ಜೊತೆ ಗಿಡ್ಡ ಅಳತೆಯದು ಬೇಕು ಅಂತ ಸ್ಪಷ್ಟವಾಗಿ ಹೇಳಲಿ. ಉದ್ದ, ಸಾಮಾನ್ಯ, ಗಿಡ್ಡ ಅಂತ ಮೂರು ಬಗೆ ಇರುತ್ತವೆ. ಗಿಡ್ಡ ಅಳತೆಯ ಸರಕು ಕಡಿಮೆ ಇರುವುದರಿಂದ ಬೇಗ ಮುಗಿಯುತ್ತದೆ. ಅದಕ್ಕೇ ಬೇಗ ಬುಕ್ ಮಾಡಬೇಕು.

ಮನೆಯಲ್ಲೇ ಟೇಪು ಹಿಡಿದು ಅಳತೆ ಕಳಿಸುವ ಸೌಲಭ್ಯವೂ ಇದೆ. ಆಗಬಹುದಾದರೆ ಅದು ಬೇಡ. ಅಂಗಡಿಗೆ ಖುದ್ದಾಗಿ ಹೋಗಿ, ಮದುವೆ ದಿನ ಹಾಕುವ ಶರಟು, ಬೂಟು ಹಾಕಿಕೊಂಡೇ ಟ್ರಯಲ್ ನೋಡಲಿ. ಕೈ ಮೇಲೆತ್ತಿ, ಕೂತು, ಎದ್ದು ನೋಡಲಿ. ಅತಿಥಿಗಳನ್ನು ಕೂರಿಸುವವನು ದಿನವಿಡೀ ಬಗ್ಗಿ, ಕೈ ಚಾಚಿ ಕೆಲಸ ಮಾಡಬೇಕು. ಕನ್ನಡಿ ಮುಂದೆ ನೆಟ್ಟಗೆ ನಿಂತಾಗ ಚೆನ್ನಾಗಿ ಕಂಡದ್ದು ಆಗ ಸಾಲದು. ಮದುವೆಗೆ ಒಂದೆರಡು ದಿನ ಮೊದಲು ಬಟ್ಟೆ ಕೈಗೆ ಬರುತ್ತದೆ. ಪೊಟ್ಟಣ ಬಿಚ್ಚದೆ ಸುಮ್ನೆ ಮನೆಗೆ ತಂದಿಡಬೇಡ ಅಂತ ಹೇಳಿ. ಅಂಗಡಿಯಲ್ಲೇ ಮತ್ತೊಂದು ಸಲ ಪೂರ್ತಿ ಹಾಕಿ ನೋಡಲಿ. ಬೇರೆಯವರ ಪ್ಯಾಂಟು ಇವನ ಪೊಟ್ಟಣಕ್ಕೆ ಬಂದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಶುಕ್ರವಾರ ಗೊತ್ತಾದರೆ ದಾರಿ ಇರುತ್ತದೆ, ಶನಿವಾರ ಬೆಳಗ್ಗೆ ಗೊತ್ತಾದರೆ ಇರುವುದಿಲ್ಲ.

ಕಲೆ ಬಿದ್ದರೆ ನೀರು, ಸೋಪು ಹಾಕಿ ತಿಕ್ಕುವುದು ಬೇಡ. ಉಣ್ಣೆಯಲ್ಲಿ ಕಲೆ ಇನ್ನೂ ಒಳಗೆ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒತ್ತಿ, ವಾಪಸ್ ಕೊಡುವಾಗ ಇದು ಇಂಥದ್ದರ ಕಲೆ ಅಂತ ಹೇಳಿದರೆ ತೊಳೆಯುವವರಿಗೆ ಸುಲಭ. ಸಣ್ಣಪುಟ್ಟ ಹಾನಿಗೆ ಅಂತ ಬಾಡಿಗೆಯ ಜೊತೆ ಒಂದು ಮೊತ್ತ ಸೇರಿಸಿರುತ್ತಾರೋ ಇಲ್ಲವೋ, ತಡವಾದರೆ ದಂಡ ಎಷ್ಟು, ಈ ಎರಡನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಲಿ. ಜಗಳ ಬರುವುದು ಸಾಮಾನ್ಯವಾಗಿ ಇವೆರಡರಲ್ಲಿ.

ಕೊಂಡರೆ ಏನು ಅಂತ ಮನೆಯವರು ಕೇಳುತ್ತಾರಲ್ಲ, ಅದಕ್ಕೂ ನೇರ ಉತ್ತರ ಕೊಡುತ್ತೇನೆ. ಬಾಲದ ಕೋಟು ಕೊಳ್ಳುವುದು ಬೇಡ. ಇಂಗ್ಲೆಂಡಿನಲ್ಲಿ ಅದನ್ನು ಹಾಕುವುದು ಹಗಲಿನ ಮದುವೆಗೆ, ಆ್ಯಸ್ಕಟ್ ರೇಸಿಗೆ, ಅರಮನೆಯ ಸಮಾರಂಭಕ್ಕೆ. ಸಂಜೆ ಹಾಕುವಂತಿಲ್ಲ, ಆಫೀಸಿಗೆ ಆಗುವುದಿಲ್ಲ, ತುಮಕೂರಿಗೆ ತಂದರೆ ಬೀರುವಿನಲ್ಲೇ ಉಳಿಯುತ್ತದೆ. ಕೊಂಡದ್ದರಲ್ಲಿ ಇನ್ನೊಂದು ಅಪಾಯ ಇದೆ. ಉಳಿದ ಮೂವರದ್ದು ಒಂದು ಬೂದು ಬಣ್ಣ, ಇವನದ್ದು ಇನ್ನೊಂದು ಬೂದು. ಫೋಟೋದಲ್ಲಿ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಅಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ, ಚಾರಿಟಿ ಅಂಗಡಿಗಳಲ್ಲಿ ಒಳ್ಳೆಯ ಹಳೇ ಕೋಟು ಸಿಗುತ್ತವೆ. ಬಟ್ಟೆಯ ಗುಣ ನೋಡಿದರೆ ಹೊಸದಕ್ಕಿಂತ ಮೇಲು. ಆದರೆ ಉಳಿದ ಮೂವರ ಜೊತೆ ಹೊಂದುವುದಿಲ್ಲ, ಅವನ ಅಳತೆಗೆ ಸಿಗುವುದೂ ಅದೃಷ್ಟದ ಮಾತು. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಕಡು ನೀಲಿ ಬಣ್ಣದ ಒಳ್ಳೆಯ ಉಣ್ಣೆ ಸೂಟು ಒಂದನ್ನು ಅವನ ಮೈಗೆ ಸರಿಯಾಗಿ ಹೊಲಿಸಿ. ಅದು ವರ್ಷಗಟ್ಟಲೆ ಬರುತ್ತದೆ. ಸಂಜೆ ಪಾರ್ಟಿಯ ಕಪ್ಪು ಡಿನ್ನರ್ ಸೂಟಿನ ಲೆಕ್ಕ ಬೇರೆ. ಅವನ ಕೆಲಸದಲ್ಲಿ ವರ್ಷಕ್ಕೆ ಎರಡು ಮೂರು ಸಲ ಅಂಥ ಊಟ ಇದ್ದರೆ ಕೊಳ್ಳುವುದೇ ಲಾಭ.

ಕೊನೆಗೆ ಪಂಚೆ, ಬಂದ್‌ಗಲಾ. ಇದರಲ್ಲಿ ತಪ್ಪು ಖಂಡಿತ ಇಲ್ಲ. ಉಡುಪಿನ ವಿಷಯದಲ್ಲಿ ಅತಿ ಕಟ್ಟುನಿಟ್ಟಾದ ಆ್ಯಸ್ಕಟ್‌ನ ರಾಯಲ್ ಎನ್‌ಕ್ಲೋಷರ್ ಎಂಬ ವಿಶೇಷ ಆವರಣದಲ್ಲೇ ಬೇರೆ ದೇಶದ ಅತಿಥಿಗಳು ತಮ್ಮ ದೇಶದ ಔಪಚಾರಿಕ ಉಡುಪಿನಲ್ಲಿ ಬರಬಹುದು ಅಂತ ನಿಯಮ ಇದೆ. ಸಾಮಾನ್ಯ ಅತಿಥಿಯಾಗಿ ಹೋಗುವುದಾದರೆ ರೇಷ್ಮೆ ಪಂಚೆ, ಶಲ್ಯ, ಮೈಸೂರು ಪೇಟದಲ್ಲಿ ಹೋಗು ಅಂತ ನಾನೇ ಹೇಳುತ್ತಿದ್ದೆ. ಆದರೆ ಇಲ್ಲಿ ಅವನು ಮದುಮಗನ ಬಳಗದಲ್ಲಿ ಒಬ್ಬ. ನಾಲ್ವರೂ ಒಂದೇ ಥರ ಕಾಣಬೇಕು ಅನ್ನುವುದು ಗೆಳೆಯನ ಆಸೆ. ಅದನ್ನು ಕೇಳದೆ ಬದಲಾಯಿಸುವುದು ಚೆನ್ನಾಗಿರುವುದಿಲ್ಲ. ಕೇಳಿದರೆ ಎಷ್ಟೋ ಮದುಮಕ್ಕಳು ಖುಷಿಯಿಂದ ಒಪ್ಪುತ್ತಾರೆ. ಚರ್ಚಿನಲ್ಲಿ ಬಾಲದ ಕೋಟು, ಸಂಜೆಯ ಊಟಕ್ಕೆ ಬಂದ್‌ಗಲಾ ಅಂತ ಹೊಂದಿಸಿಕೊಂಡವರನ್ನು ನೋಡಿದ್ದೇನೆ, ತುಂಬಾ ಚೆನ್ನಾಗಿ ಕಂಡಿತ್ತು. ಬಂದ್‌ಗಲಾ ಅವನಿಗೆ ಬೇಕಿದ್ದರೆ ಇಲ್ಲೇ ನಿಮ್ಮ ಟೈಲರ್ ಹತ್ತಿರ ಹೊಲಿಸಿ ಕಳಿಸಿ. ಅಳತೆಗೆ ಅವನ ಹಳೇ ಕೋಟು ಯಾವುದಾದರೂ ಮನೆಯಲ್ಲಿದ್ದರೆ ಕೊಡಿ, ಆದರೆ ಈಗಿನ ಎದೆ, ಸೊಂಟದ ಅಳತೆ ಫೋನಿನಲ್ಲಿ ಕೇಳಿ ಬರೆದುಕೊಳ್ಳಿ. ಊರು ಬಿಟ್ಟ ಮೇಲೆ ಹುಡುಗರ ಮೈ ಬದಲಾಗಿರುತ್ತದೆ. ಗೆಳೆಯನನ್ನು ಕೇಳುವುದು ಮಾತ್ರ ಈ ವಾರವೇ ಆಗಲಿ. ನಾಲ್ವರ ಆರ್ಡರ್ ಒಟ್ಟಿಗೆ ಹೋಗಿ, ಜುಲೈಗೆ ಅಂತ ಕೋಟುಗಳನ್ನು ತೆಗೆದಿಟ್ಟ ಮೇಲೆ ಒಬ್ಬರದ್ದನ್ನು ಬದಲಾಯಿಸುವುದು ಎಲ್ಲರಿಗೂ ತೊಂದರೆ.